ರಸ್ತೆಯಿಲ್ಲದ ಊರಿಗೆ ಕಾರ್ ಸೀಟು

ಆ್ಯಂಕರೇಜಿನ ಕೌಂಟರಿನವಳು
ಟಿಕೆಟ್ಟಿನಲ್ಲಿ ನನ್ನ ಹೆಸರು ಓದಿಕೊಂಡು ಕೇಳಿದಳು:
ನಿಮ್ಮೂರಲ್ಲಿ ಕಾರಿದೆಯಾ, ನಸ್ತಾಸಿಯಾ?
ಇಲ್ಲ.
ರಸ್ತೆ?
ಅದೂ ಇಲ್ಲ.
ಮತ್ತೆ ಇದನ್ನು ಯಾಕೆ ಹೊತ್ತೆ?

ಉತ್ತರ ಕೊಡಲು ಪುರುಸೊತ್ತಿರಲಿಲ್ಲ.
ಕಂಕುಳಲ್ಲಿ ಸೀಟು,
ಸೀಟಿನಲ್ಲಿರಬೇಕಾದ ಕೂಸು
ಒಂದು ಬೂಟು ಕಳಚಿಕೊಂಡು
ಗೇಟಿನಿಂದ ಗೇಟಿಗೆ ಓಡುತ್ತಿತ್ತು.

ಮೊದಲ ವಿಮಾನ ದೊಡ್ಡದು.
ಗಗನಸಖಿ ಸೀಟನ್ನು ಮಗುಚಿ
ಕೆಂಪಕ್ಷರದ ಚೀಟಿ ಹುಡುಕಿದಳು,
ಮೀನಿನ ಕಿವಿರು ಎತ್ತಿ ನೋಡುವವರ ಹಾಗೆ.
‘ವಿಮಾನಕ್ಕೂ ನಡೆಯುತ್ತದೆ’ ಎಂಬ ಒಂದೇ ಸಾಲು,
ಅದರ ಮೇಲೆ ಬಿಸ್ಕತ್ತಿನ ಜಿಗುಟು.
ಉಗುರಿನಿಂದ ಕೆರೆದು ಓದಿಸಿದೆ.
ಕಿಟಕಿ ಪಕ್ಕವೇ ಇಡಬೇಕಂತೆ,
ಯಾರ ದಾರಿಗೂ ಅಡ್ಡ ಬರಬಾರದಂತೆ.
ಮೊಣಕಾಲೂರಿ ಸೀಟನ್ನು ಅದುಮಿ
ಸಂದಿಯಲ್ಲಿ ಬೆಲ್ಟು ತೂರಿಸುವಾಗ
ಹಿಂದೆ ನಿಂತ ಮೂವತ್ತು ಜನರ ಉಸಿರು
ನನ್ನ ಕತ್ತಿನ ಮೇಲೆ.
ಮುಂದಿನ ಸಾಲಿನ ಮುದುಕ, ಬೆನ್ನು ಒರಗಿಸಲಾಗದೆ,
ನೆಟ್ಟಗೆ ಕೂತೇ ಬೆಥೆಲ್ ಮುಟ್ಟಿದ.
ಇಳಿಯುವಾಗ ನನ್ನ ಮಗನಿಗೊಂದು ಸೆಲ್ಯೂಟ್ ಹೊಡೆದ.

ಬೆಥೆಲಿನಿಂದ ಮುಂದೆ ಆರು ಜನರ ಪುಟ್ಟ ವಿಮಾನ.
ಅಲ್ಲಿ ಎಲ್ಲರ ತೂಕ ಎಲ್ಲರೆದುರೇ ಹೇಳಬೇಕು.
ಹೇಳಿದೆ, ನಾಲ್ಕು ಕಿಲೋ ನುಂಗಿಕೊಂಡು.
ಪೈಲಟ್ ಡೆಲ್ಬರ್ಟ್ ತಕ್ಕಡಿಯ ಮೇಲೆ
ಮಗನನ್ನಿಟ್ಟ: ಹನ್ನೊಂದೂವರೆ.
ಸೀಟನ್ನಿಟ್ಟ: ಒಂಬತ್ತು.
"ಒಂದೋ ಇದು, ಇಲ್ಲಾ ಆ ಕಿತ್ತಳೆ ಪೆಟ್ಟಿಗೆ.
ಗಾಳಿ ಸರಿಯಿಲ್ಲ ಇವತ್ತು."

ಅಮ್ಮ ಫೋನಿನಲ್ಲಿ ಕೇಳಿದ್ದು ಕಿತ್ತಳೆಯೊಂದನ್ನೇ.
ಅಪ್ಪ ಹೋದ ಮೇಲೆ ಅವಳು ಏನನ್ನೂ ಕೇಳಿದವಳಲ್ಲ.
ಪೆಟ್ಟಿಗೆ ಬಿಟ್ಟೆ. ಜೇಬಿಗೆ ನಾಲ್ಕು ತುಂಬಿಕೊಂಡೆ.
ನನ್ನ ತೂಕದಲ್ಲಿ ಆಗಲೇ ಒಂದು ಸುಳ್ಳಿತ್ತು,
ಅದರ ಜೊತೆಗೆ ಇದೂ ಹಾರಲಿ.

ಅಪ್ಪ ಹೋದದ್ದು ಅಕ್ಟೋಬರಿನಲ್ಲಿ,
ಹೊಳೆ ಇನ್ನೂ ಪೂರ್ತಿ ಹೆಪ್ಪುಗಟ್ಟದಿದ್ದಾಗ,
ಸ್ನೋಮೊಬೈಲು ಹತ್ತಿ, ಅರ್ಧ ಗಂಟೇಲಿ ಬಂದೆ ಅಂದು.
ಡಿಸೆಂಬರಿನಲ್ಲಿ ಇವನು ಹುಟ್ಟಿದ.
ಹೆಸರು ಹುಡುಕಬೇಕಾಗಿರಲಿಲ್ಲ: ವಾಸಿಲಿ.
ನಮ್ಮಲ್ಲಿ ಹೆಸರು ಹೋದವರ ಜೊತೆ ಹೋಗುವುದಿಲ್ಲ,
ಬಾಗಿಲ ಬಳಿ ನಿಂತು ಕಾಯುತ್ತದೆ.
ಸೀಟಿಲ್ಲದೆ ಈ ಮಗುವನ್ನು ಹೊರಗೆ ಬಿಡುವುದಿಲ್ಲ
ಅಂದಳು ಆಸ್ಪತ್ರೆಯ ನರ್ಸು, ಬಾಗಿಲಿಗಡ್ಡ ನಿಂತು.
ಹಾಗೆ ಅಡ್ಡ ನಿಲ್ಲುವವರೊಬ್ಬರು
ಅಕ್ಟೋಬರಿನಲ್ಲಿ ನಮ್ಮ ಮನೆಯಲ್ಲಿರಲಿಲ್ಲ.

ಇಳಿದಾಗ ಅಮ್ಮ ರನ್‌ವೇ ಅಂಚಿನಲ್ಲಿದ್ದಳು.
ಹಿಂದೆ ಮರದ ಜಾರುಬಂಡಿ.
"ಇದ್ಯಾರ ಸಿಂಹಾಸನ?" ಎಂದಳು.
ನಾನು ನಿಯಮ, ಚೀಟಿ, ತೂಕ ಎಲ್ಲ ಹೇಳಹೊರಟೆ.
ಅವಳಾಗಲೇ ಹಗ್ಗ ಬಿಚ್ಚಿ
ಸೀಟನ್ನು ಬಂಡಿಗೆ ಬಿಗಿಯುತ್ತಿದ್ದಳು,
ಯಾರೂ ಹೇಳಿಕೊಡದೆ, ಸರಿಯಾದ ಸಂದಿಯಲ್ಲೇ,
ಹಿಂದಕ್ಕೆ ಮುಖಮಾಡಿ:
ಗಾಳಿ ಬೆನ್ನಿಗೆ ಬೀಳಲಿ, ಕೂಸಿನ ಕಣ್ಣಿಗಲ್ಲ.

ಹೊರಟೆವು.
ಮುಂದೆ ನೋಡುವ ನಮಗೆ ಬರೀ ಬಿಳಿ.
ಅವನೊಬ್ಬನಿಗೆ, ಹಿಂದಕ್ಕೆ ನೋಡುವವನಿಗೆ,
ಎರಡು ಗೆರೆ ಬಿಚ್ಚಿಕೊಳ್ಳುತ್ತಾ ಬಂದವು.
ನಮ್ಮೂರಿನಲ್ಲಿ ರಸ್ತೆ ಕಂಡ ಮೊದಲ ಮನುಷ್ಯ.
ಕೈ ಬೀಸಿ ಬೀಸಿ ಅದಕ್ಕೆ ಟಾಟಾ ಮಾಡುತ್ತಿದ್ದ.

ಮನೆ ಮುಂದೆ ಅಮ್ಮ ಕೈಗವಸು ತೆಗೆದು
ಐದು ಪಟ್ಟಿ ಸೇರುವ ಬಕಲನ್ನು
ಮುಟ್ಟಿ ಮುಟ್ಟಿ ನೋಡಿದಳು.
ಬಿಚ್ಚಲಿಲ್ಲ.
"ಬಂದೆಯಾ, ವಾಸಿಲಿ" ಅಂದಳು,
ಗಂಡನನ್ನು ಗದರುತ್ತಿದ್ದ ಅದೇ ದನಿಯಲ್ಲಿ,
"ಈಗ ಬುದ್ಧಿ ಬಂತು ನೋಡು ನಿನಗೆ.
ಬಿಗಿಯಾಗಿ ಕಟ್ಟಿಸಿಕೊಂಡು ಬಂದಿದ್ದೀಯ."

ನನ್ನ ಜೇಬಿನಿಂದ ಅವನು ಯಾವಾಗಲೋ ಕದ್ದ ಕಿತ್ತಳೆ
ಸೀಟಿನ ಬುಡದಲ್ಲಿ ಅಪ್ಪಚ್ಚಿಯಾಗಿ
ಕಲ್ಲಿನಂತೆ ಹೆಪ್ಪುಗಟ್ಟಿತ್ತು.
ಅಮ್ಮ ಮೊದಲು ಅದನ್ನೇ ತಿಂದಳು.