ನೂರಾ ಅರವತ್ತಮೂರು ಮೆಟ್ಟಿಲು

ವಾಲ್ಪರೈಸೊದಲ್ಲಿ ಸಮತಟ್ಟು ಎಂಬುದು
ಸಮುದ್ರಕ್ಕೆ ಮಾತ್ರ. ನಮಗೆಲ್ಲ ಗುಡ್ಡ.
ಮೂವತ್ತೊಂದು ವರ್ಷ ಈ ಗುಡ್ಡಕ್ಕೆ
ಜನರನ್ನು ಎಳೆದು ಹತ್ತಿಸಿದವನು ನಾನು,
ಹಳಿಗಾಡಿಯ ಗೂಡಿನಲ್ಲಿ, ಸ್ಟೂಲಿನ ಮೇಲೆ ಕೂತು,
ಒಂದು ಕೈ ಲಿವರಿನ ಮೇಲೆ, ಇನ್ನೊಂದರಲ್ಲಿ ಬ್ರೆಡ್ಡು.
ಒಂದು ಪೆಟ್ಟಿಗೆ ಇಳಿದರೆ ಇನ್ನೊಂದು ಏರುತ್ತಿತ್ತು.
ನಾನು ಏರಲೂ ಇಲ್ಲ, ಇಳಿಯಲೂ ಇಲ್ಲ.
ದಪ್ಪಗಾದೆ, ಅಷ್ಟೆ.

ಆಮೇಲೆ ಹಗ್ಗ ಸವೆದು ಗಾಡಿ ನಿಂತಿತು.
ಅದೇ ಚಳಿಗಾಲ ನನ್ನ ಎದೆಯೂ, ನಿಲ್ಲುವಂತೆ ಮಾಡಿ, ನಿಲ್ಲಲಿಲ್ಲ.
ಡಾಕ್ಟರ ಚೀಟಿಯಲ್ಲಿ ಗುಳಿಗೆಗಳ ಕೆಳಗೆ
ಒಂದೇ ಪದ: ನಡೆಯಿರಿ.
ಎಲ್ಲಿಗೆ ಅಂತ ಬರೆದಿರಲಿಲ್ಲ.

ಒಬ್ಬನೇ ಮೂರು ದಿನ ನಡೆದೆ.
ಮೊದಲ ದಿನ ಬೇಕರಿಯವರೆಗೆ.
ಎರಡನೆಯ ದಿನ ಬೇಕರಿಯ ಒಳಗೆ.
ಮೂರನೆಯ ದಿನ ಮಳೆ ಬಂದೀತು ಎಂದುಕೊಂಡೆ. ಬರಲಿಲ್ಲ.

ಎರ್ಮಿಂದಾ ಸಿಕ್ಕಿದ್ದು ಆ ಬೇಕರಿಯಲ್ಲೇ.
ಎಪ್ಪತ್ತು ದಾಟಿದವಳು, ಶಾಲೆಯಲ್ಲಿ ಲೆಕ್ಕ ಕಲಿಸಿದವಳು,
ಈಗಲೂ ಚಿಲ್ಲರೆಯನ್ನು ಎರಡೆರಡು ಸಲ ಎಣಿಸುವವಳು.
"ಮಂಗಳವಾರ, ಶುಕ್ರವಾರ, ಆರೂವರೆಗೆ, ಮೆಟ್ಟಿಲ ಬುಡದಲ್ಲಿ."
ಬರುತ್ತೀಯಾ ಎಂದು ಕೇಳಲಿಲ್ಲ.

ಎಂಟು ಜನ, ಒಂದು ನಾಯಿ. ನಿಯಮ ಒಂದೇ:
ಎಲ್ಲರಿಗಿಂತ ನಿಧಾನದವರು ಎಲ್ಲರಿಗಿಂತ ಮುಂದೆ.
ಹೀಗೆ, ಬಂದ ದಿನವೇ ನಾನು ನಾಯಕನಾದೆ.

ಬೆನ್ನ ಹಿಂದೆ
ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿದ ಯಾಸ್ನಾಳ ಆಕಳಿಕೆ,
ಬಂದರಿನಲ್ಲಿ ಮೂಟೆ ಹೊತ್ತ ನಿಬಾಲ್ದೊನ ಶಿಳ್ಳೆ,
ಗಂಡನ ಹೆಸರೆತ್ತದ ಓರಿಯಾನಾಳ ದೊಡ್ಡ ಗಂಡಸರ ಕೋಟಿನ ಸರಬರ.
ಎರ್ಮಿಂದಾ ಎಣಿಸುತ್ತಾಳೆ, ಮೂವತ್ತೆಂಟು, ಮೂವತ್ತೊಂಬತ್ತು,
ಒಂದು ತಪ್ಪಿದರೂ ಮೊದಲಿನಿಂದ ಎಂಬಂಥ ದನಿ.

ನಲವತ್ತಕ್ಕೆ ನನಗೆ ಉಸಿರು ಸಾಲದು.
ಸರಿಯಾಗಿ ನಲವತ್ತಕ್ಕೇ ನಿಬಾಲ್ದೊನ ಶೂ ಲೇಸು ಬಿಚ್ಚಿಕೊಳ್ಳುತ್ತದೆ.
"ತಾಳ್ರಪ್ಪ," ಎಂದು ಬಗ್ಗುತ್ತಾನೆ.
ನಾವೆಲ್ಲ ನಿಂತು ಕಡಲು ನೋಡುತ್ತೇವೆ,
ಲಂಗರು ಹಾಕಿದ ಹಡಗು, ಅದರ ಮೈಮೇಲೆ ತುಕ್ಕಿನ ಬಣ್ಣದ ಬೆಳಗು.
ಅರವತ್ತೈದಾದರೂ ಗಂಟು ಹಾಕಲು ಬಾರದ ದಡ್ಡ ಎಂದು
ಎರಡು ತಿಂಗಳು ಒಳಗೊಳಗೇ ನಕ್ಕೆ.
ಸೆಪ್ಟೆಂಬರಿನಲ್ಲೊಂದು ದಿನ ಬಗ್ಗಿ ನೋಡಿದೆ.
ಅವನ ಶೂಗೆ ಲೇಸೇ ಇರಲಿಲ್ಲ.

ನಾನೇನೂ ಅನ್ನಲಿಲ್ಲ. ಅವನೂ.
ಆದರೆ ಅವತ್ತು ಅರವತ್ತರವರೆಗೆ ನಿಲ್ಲದೆ ಹೋದೆ.
ಪಾಪ, ಎಷ್ಟೆಂದು ಸೊಂಟ ಬಗ್ಗಿಸಿಯಾನು.

ರಕ್ತದೊತ್ತಡ ಇಳಿದಿದೆ, ಪ್ಯಾಂಟು ಸಡಿಲಾಗಿದೆ,
ಡಾಕ್ಟರು ತಲೆಯಾಡಿಸಿದ್ದಾರೆ.
ಅವರ ಯಂತ್ರಕ್ಕೆ ಸಿಗದ್ದೂ ಒಂದಿಷ್ಟಿದೆ:
ಶುಕ್ರವಾರ ತಪ್ಪಿಸಿದರೆ ಬಾಗಿಲು ಗುದ್ದುವ ಮುಷ್ಟಿ;
ಓರಿಯಾನಾ ಒಂದು ದಿನ, ನೂರಾ ಹತ್ತನೆಯ ಮೆಟ್ಟಿಲಲ್ಲಿ,
ಯಾರನ್ನೂ ನೋಡದೆ, ಗಂಡನ ಹೆಸರು ಹೇಳಿದ್ದು;
ಯಾರೂ ತಿರುಗದೆ, ಯಾರೂ ನಿಲ್ಲದೆ,
ಎಲ್ಲರೂ ಒಂಚೂರು ನಿಧಾನವಾದದ್ದು.

ಹಳಿಗಾಡಿಯ ಗುಟ್ಟು ನನಗೆ ಹೊಸದಲ್ಲ.
ಏರುವ ಪೆಟ್ಟಿಗೆಯನ್ನು ಎಳೆಯುವುದು ಯಂತ್ರವಷ್ಟೇ ಅಲ್ಲ,
ಇಳಿಯುವ ಪೆಟ್ಟಿಗೆಯ ಭಾರ.
ಅಷ್ಟು ವರ್ಷ ಅದಕ್ಕೆ ಎಣ್ಣೆ ಬಿಟ್ಟೆ,
ಕಾಲಿಗೆ ತಿಳಿದದ್ದು ಈಗ.

ನಿನ್ನೆ ಮಂಗಳವಾರ. ದಟ್ಟ ಮಂಜು, ಬಸ್ಸಿನವರ ಮುಷ್ಕರ.
ಯಾಸ್ನಾಳ ಪಾಳಿ ಮುಗಿದಿಲ್ಲ, ನಿಬಾಲ್ದೊ ಮಗಳ ಊರಿಗೆ,
ಎರ್ಮಿಂದಾಳ ಕಣಕಾಲಿಗೆ ಪಟ್ಟಿ.
ಬುಡದಲ್ಲಿ ನಾನು ಮತ್ತು ನಾಯಿ.
ಅದು ಯಾರದೆಂದು ಇಂದಿಗೂ ಗೊತ್ತಿಲ್ಲ.

ಹತ್ತಿದೆವು.
ಎಣಿಸುವವರಿಲ್ಲದ ಮೆಟ್ಟಿಲು ಎಷ್ಟು ಎತ್ತರ!
ಎಲ್ಲಿಗೆ ಬಂದೆನೆಂದು ಮರೆತು, ಗೋಡೆಗೆ ಒರಗಿ,
ಹಿಂದಿರುಗಲು ಒಂದು ನೆಪ ಹುಡುಕುತ್ತಿದ್ದೆ.

ಮಂಜಿನೊಳಗೆ ಎಲ್ಲೋ ಒಂದು ಕಿಟಕಿ ಕಿರುಗುಟ್ಟಿತು.
ಇಷ್ಟು ಹೊತ್ತೂ ನನ್ನ ಕಾಲ ಸಪ್ಪಳ ಕೇಳುತ್ತ ಕೂತವಳ
ಅದೇ ಸೀಮೆಸುಣ್ಣದ ದನಿ:

"ಎಂಬತ್ತೇಳು. ಮುಂದೆ?"