ಪಕ್ಕಕ್ಕೆ ಬರೆದ ಒತ್ತು

ಬೆಳಿಗ್ಗೆ ಆರೂವರೆಗೆ ಫೋನಿಗೆ ಬಂದದ್ದು ಆನೆಗಳ ಸುದ್ದಿ:
ಮೂರು ದೊಡ್ಡವು, ಒಂದು ಮರಿ,
ಸಿದ್ದಾಪುರ ರಸ್ತೆಯ ಎಡಗಡೆ ಕಾಫಿಯೊಳಗೆ ನಿಂತಿವೆ,
ಮಕ್ಕಳನ್ನು ಒಂಟಿಯಾಗಿ ಕಳಿಸಬೇಡಿ.

ಯಾರೂ ಕಳಿಸಲಿಲ್ಲ.
ಲೈನ್ ಮನೆಯ ಅಪ್ಪಂದಿರು ತಗಡು ಬಡಿಯುತ್ತ
ಶಾಲೆಯ ಗೇಟಿನವರೆಗೂ ಬಂದು,
ತಲೆ ಎಣಿಸಿ ಒಳಗೆ ಬಿಟ್ಟು,
ಹಾಜರಿಗೆ ತಡವಾಯಿತೆಂದು ಓಡಿದರು.

ಎರಡನೇ ಪೀರಿಯಡ್ ನನ್ನದು, ಎಂಟನೇ ಬಿ.
ಸುತ್ತೋಲೆ ಬಂದಿತ್ತು: ಅಂತರ್ಜಾಲ ಸುರಕ್ಷತೆ, ನಲವತ್ತು ನಿಮಿಷ,
ಮಕ್ಕಳ ಮುಖ ಕಾಣುವಂತೆ ಫೋಟೋ ತೆಗೆದು
ಸಂಜೆಯೊಳಗೆ ಅಪ್‌ಲೋಡ್ ಮಾಡತಕ್ಕದ್ದು.

ಹಲಗೆಯ ಮೇಲೆ ಬರೆದೆ. ಪಾಸ್‌ವರ್ಡ್ ಹೇಳಬೇಡಿ.
ಗುರುತಿಲ್ಲದವರ ಜೊತೆ ಮಾತು ಬೇಡ. ಫೋಟೋ ಬೇಡ.
ಬೇಡ, ಬೇಡ, ಬೇಡ. ಸೀಮೆಸುಣ್ಣ ಮುರಿಯಿತು.
ಖಾಲಿ ಬಿಸ್ಕತ್ತಿನ ಡಬ್ಬಿ ಬೆಂಚಿನಿಂದ ಬೆಂಚಿಗೆ ಸಾಗಿತು:
ಹೆಸರು ಹಾಕದೆ ಪ್ರಶ್ನೆ ಬರೆಯಿರಿ.

ಅಮ್ಮನ ಫೋನಿನ ಲಾಕ್ ತೆಗೆಯುವುದು ಹೇಗೆ?
ಗೇಮಲ್ಲಿ ಸೋತರೆ ದುಡ್ಡು ನಿಜವಾಗಲೂ ಹೋಗುತ್ತಾ?
ಮಿಸ್, ನಿಮ್ಮ ಇನ್‌ಸ್ಟಾ ಐಡಿ ಏನು?
ನಕ್ಕರು. ನಾನೂ ನಕ್ಕೆ.

ಏಳನೆಯ ಚೀಟಿಗೆ ಎಂಟು ಮಡಿಕೆ,
ಅಂಗೈ ಬೆವರಿನ ತೇವ.
ಮಿಸ್, ಫೋಟೋ ಆಗಲೇ ಕಳಿಸಿಬಿಟ್ಟಿದ್ದರೆ?

ಟ ಕೆಳಗೆ ಕೂರಬೇಕಾದ ಟ ಪಕ್ಕಕ್ಕೆ ಸರಿದಿತ್ತು,
ದ ಮತ್ತೊಂದು ದ ಹೆಗಲಿಗೆ ಒರಗಿತ್ತು.
ಒತ್ತನ್ನು ಹೀಗೆ ಬರೆಯುವ ಮಗು ಈ ತರಗತಿಯಲ್ಲಿ ಒಂದೇ;
ಎರಡು ವರ್ಷ ಕೆಂಪು ಶಾಯಿಯಲ್ಲಿ ನಾನೇ ತಿದ್ದಿದ್ದೇನೆ.
ತಲೆ ಎತ್ತಲಿಲ್ಲ.
ಎತ್ತಿದ್ದರೆ ಕಣ್ಣು ಆ ಬೆಂಚಿಗೇ ಹೋಗುತ್ತಿತ್ತು.

ಮನೆಯಲ್ಲಿ ಗೊತ್ತಾದರೆ ಶಾಲೆ ಬಿಡಿಸುತ್ತಾರೆ
ಎಂದು ಚೀಟಿಯಲ್ಲಿ ಬರೆದಿರಲಿಲ್ಲ.
ಅದು ಮಡಿಕೆಗಳಲ್ಲಿತ್ತು.

ನನ್ನ ಪಾಠವೆಲ್ಲ ಮೊದಲಿನದು,
ಚೀಟಿ ಬಂದದ್ದು ಆಮೇಲಿನಿಂದ.

ಹೋದ ವರ್ಷ ಶಿಜುವನ್ನು ಸಲಗ ಬೇಲಿಯಾಚೆ ಎಸೆದಾಗ
ಅಡ್ಡದಾರಿ ಯಾಕೆ ಹಿಡಿದೆ ಅಂತ ಯಾರೂ ಕೇಳಲಿಲ್ಲ.
ಮಡಿಕೇರಿ ಆಸ್ಪತ್ರೆಗೆ ಕಿತ್ತಳೆ ಒಯ್ದೆವು,
ಕಾಲಿನ ಪ್ಲಾಸ್ಟರಿನ ಮೇಲೆ ಇಡೀ ಕ್ಲಾಸು ಸಹಿ ಮಾಡಿತು.
ಆನೆಯ ತಪ್ಪೋ ಬೇಲಿಯ ತಪ್ಪೋ, ಇನ್ನೂ ವಾದ ಇದೆ.
ಹುಡುಗನದ್ದು ಎಂದವರಿಲ್ಲ.

ಚೀಟಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು,
ಇದು ನನ್ನದೇ ಪ್ರಶ್ನೆ ಎಂದೆ,
ಕಳಿಸಿಬಿಟ್ಟಿದ್ದರೆ?

ನಾನೇ ಕೇಳಿ ನಾನೇ ಹೇಳಿದೆ, ಕಿಟಕಿಯ ಕಡೆ ನೋಡುತ್ತ:
ತಪ್ಪು ಹೆದರಿಸುವವನದ್ದು.
ಅವನಿಗೆ ಇನ್ನೊಂದು ಕೊಡಬೇಡಿ, ಅವನು ಬರೆದದ್ದನ್ನು ಅಳಿಸಬೇಡಿ,
ಯಾರಾದರೂ ದೊಡ್ಡವರೊಬ್ಬರಿಗೆ ಹೇಳಿ.
ಒಂದು ಸೊನ್ನೆ ಒಂಬತ್ತು ಎಂಟು, ಬರೆದುಕೊಳ್ಳಿ, ಎಲ್ಲರೂ.
ಮತ್ತೆ, ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ನಾನೊಬ್ಬಳೇ ಊಟಕ್ಕೆ ಕೂರುವುದು.
ಇವತ್ತು. ನಾಳೆ. ನಾಡಿದ್ದೂ.

ಮೂವತ್ತೊಂದು ಪೆನ್ನುಗಳು ಸರಸರ ಓಡಿದವು.
ಒಂದು ಸ್ವಲ್ಪ ತಡವಾಗಿ.

ಸಂಜೆ ಹಲಗೆಯ ಫೋಟೋ ಮಾತ್ರ ಕಳಿಸಿದೆ.
ಇದರಲ್ಲಿ ಮಕ್ಕಳೆಲ್ಲಿ, ಪೂವಮ್ಮ ಮಿಸ್?
ಪೆಮ್ಮಯ್ಯ ಸರ್ ಕನ್ನಡಕ ಏರಿಸಿದರು.
ಮನೆ ಸೇರಿದ್ದಾರೆ ಸರ್, ಎಂದೆ.
ಸೇರಿದ್ದಾರೆಯೇ ಎಂದು ನನಗೇ ಗೊತ್ತಿರಲಿಲ್ಲ.

ಅಂದು ಯಾರೂ ಬರಲಿಲ್ಲ, ಮರುದಿನವೂ.
ಮೂರನೆಯ ಮಧ್ಯಾಹ್ನ ಹೊರಗೆ ಚಪ್ಪಲಿಯ ಸದ್ದು
ಬಾಗಿಲವರೆಗೆ ಬಂತು, ಹೋಯಿತು, ಮತ್ತೆ ಬಂತು.
ಕರೆಯಲಿಲ್ಲ ನಾನು.
ತಣ್ಣಗಾದ ಅಕ್ಕಿ ಒಟ್ಟಿಯನ್ನು
ಚೂರು ಚೂರೇ ಮುರಿಯುತ್ತ ಕೂತಿದ್ದೇನೆ,
ಊಟ ಬೇಗ ಮುಗಿಯದ ಹಾಗೆ.