ಕರೆಂಟ್ ಹೋದಾಗ

ಮೂರರ ಹೊತ್ತಿಗೆ ಕರೆಂಟ್ ಹೋತು.
ಬನಹಟ್ಟಿ ಓಣ್ಯಾಗಿನ ಮಗ್ಗ ಎಲ್ಲಾ ಒಮ್ಮೆಲೆ ಗಪ್ಪಾದ್ವು,
ಕಿವ್ಯಾಗ ಮಾತ್ರ ಇನ್ನೂ ಖಟಖಟ.
ತನು, ಬಾ ಇಲ್ಲಿ.
ಈಗ ಒದರೂದು ಬ್ಯಾಡ, ಮೆಲ್ಲಕ ಮಾತಾಡಬಹುದು.

ಆಟದಾಗ ನಿನಗ ದಿನಾ ವಜ್ರ ಕೊಡತಾನಲ್ಲ,
ಹುಲಿ ಮುಖದ ಚಿತ್ರದಾಂವ,
ತಾನೂ ಆರನೇ ಕ್ಲಾಸ ಅಂತಾನಲ್ಲ,
ಅವನ ದನಿ ಕೇಳೀಯೇನು?
"ಮೈಕ್ ಕೆಟ್ಟೈತೆಂತ."
ತಿಂಗಳಿಂದ ಕೆಟ್ಟೈತಿ?
ನಕ್ಕಿ ನೀ. ಆಮ್ಯಾಲ ನಗಲಿಲ್ಲ.

ನನಗ ಆಟ ತಿಳಿಯೂದಿಲ್ಲ, ಖರೆ.
ನೂಲು ತಿಳೀತೈತಿ.
ಎಳಿ ಹರೀತಂದ್ರ ಮಗ್ಗ ನಿಲ್ಲಸಬೇಕು,
ಒಂದು ಗಂಟು ಹಾಕಿದ್ರ ಮುಗೀತು.
ಲಗ್ನಾಗಿ ಬಂದ ವರ್ಷ, ನಿಮ್ಮ ಮುತ್ಯಾ ಬೈತಾನಂತ ಅಂಜಿ
ಹರದದ್ದು ಹೇಳದ ಹಂಗ ಓಡಿಸಿದ್ದೆ.
ಸೀರಿ ಉದ್ದಕೂ ಗೀರು.
ಅದಕ ಅಂತೀನಿ,
"ಅವ್ವಗ ಹೇಳಬ್ಯಾಡ" ಅಂತ ಯಾರರ ಬರದ್ರ
ಅದನ್ನ ಮೊದಲ ನನಗ ಹೇಳು.
ಫೋಟೊ ಕಳಿಸಿ ಆಗಿದ್ರೂ ಹೇಳು.
ಬೈಯೂದಿಲ್ಲ, ಫೋನ್ ಕಸಗೊಳ್ಳೂದಿಲ್ಲ,
ಚೌಡವ್ವನ ಆಣಿ.

ನೀ ಬೆರಳಿಗೆ ನೂಲು ಸುತಗೋತ ಕುಂತಿ.
ಬಾಳ ಹೊತ್ತಿನ ಮ್ಯಾಲ ಅಂದಿ:
"ಅವ್ವಾ, ನಿನ್ನ ಡಿಪಿಯೊಳಗ ನಾನೇ ಅದೀನಲ್ಲ,
ಯೂನಿಫಾರ್ಮ್ ಮ್ಯಾಲ ಸಾಲಿ ಹೆಸರು,
ಹಿಂದ ನಮ್ಮ ಮನಿ ನಂಬರು.
ನನ್ನ ಕೇಳಿದ್ದೇನು?"

ಏನನ್ನಬೇಕಂತ ಹುಡುಕೂದ್ರಾಗ ಕರೆಂಟ್ ಬಂತು.
ಓಣಿ ತುಂಬ ಸಪ್ಪಳ.
ನಾ ಮಗ್ಗ ಹಚ್ಚಲಿಲ್ಲ.
ಕನ್ನಡಕ ತಗೊಂಡು ಬಾ ಅಂತ ಒದರಿದೆ,
ತಗಿಯೂದು ಹೆಂಗ, ತೋರಸು.